ಟಿವಿ ಬಂತು, ತಂತಿಯದೇ ಚಿಂತೆ: ತುಟ್ಟಿ ಕೇಬಲ್ ಕೊಳ್ಳಬೇಕೇ?

ತೊಗರಿನಾಡು, ಕಲಬುರಗಿ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಚೀಟಿ ಕಟ್ಟಿ ಕೂಡಿಸಿದ ಹಣದಲ್ಲಿ ಮೊನ್ನೆ 55 ಇಂಚಿನ ಟಿವಿ, ಸ್ಪೀಕರುಗಳಿಗೆ ಧ್ವನಿ ಹಂಚುವ ಒಂದು ರಿಸೀವರ್, ನೆಲದ ಮೇಲೆ ನಿಲ್ಲುವ ಎರಡು ಸ್ಪೀಕರ್, ಹಿಂದಿನ ಗೋಡೆಗೆ ತೂಗುಹಾಕುವ ಎರಡು ಸಣ್ಣ ಸ್ಪೀಕರ್ ತಂದೆ. ಬಿಲ್ ಬರೆಯುವ ಹೊತ್ತಿಗೆ ಅಂಗಡಿಯ ಹುಡುಗ ಒಳಗಿನಿಂದ ಮಖಮಲ್ ಹಾಸಿದ ಡಬ್ಬಿಯೊಂದನ್ನು ತಂದು ಎದುರಿಗಿಟ್ಟ. ನನ್ನ ನಿಶ್ಚಿತಾರ್ಥದ ಉಂಗುರವೂ ಅಂಥ ಡಬ್ಬಿಯಲ್ಲಿ ಬಂದಿರಲಿಲ್ಲ. ಒಳಗೆ ಎರಡು ಮೀಟರ್ ಉದ್ದದ ಎಚ್‌ಡಿಎಂಐ ಕೇಬಲ್, ಟಿವಿಗೆ ಚಿತ್ರ, ಧ್ವನಿ ಎರಡನ್ನೂ ಒಯ್ಯುವಂಥದು. ಬೆಲೆ 6,500 ರೂಪಾಯಿ. ಚಿನ್ನದ ಲೇಪನವಿದೆ, ಬಣ್ಣ ಗಾಢವಾಗಿ ಬರುತ್ತದೆ, ಕಪ್ಪು ನಿಜವಾದ ಕಪ್ಪಾಗುತ್ತದೆ ಎಂದ. ಜೊತೆಗೆ ಸ್ಪೀಕರ್ ತಂತಿ, ಮೀಟರಿಗೆ 900 ರೂಪಾಯಿ. ನಮ್ಮ ಪಡಸಾಲೆಗೆ 24 ಮೀಟರ್ ಬೇಕು. ಅಂದರೆ ಅದೊಂದೇ 21,600. ಎರಡೂ ಸೇರಿ 28,100!

ಮುಜುಗರಕ್ಕೆ ಬಿದ್ದು ಎಚ್‌ಡಿಎಂಐ ಕೇಬಲ್ ಕೊಂಡುಬಿಟ್ಟೆ, ಡಬ್ಬಿ ಇನ್ನೂ ಒಡೆದಿಲ್ಲ. ಸ್ಪೀಕರ್ ತಂತಿಗೆ ಒಂದು ವಾರ ಸಮಯ ಕೇಳಿ ಬಂದಿದ್ದೇನೆ. ಸದ್ಯ ಮನೆಯಲ್ಲಿ ಬಿದ್ದಿದ್ದ ತೆಳ್ಳಗಿನ ಹಳೆಯ ತಂತಿ ಜೋಡಿಸಿ ಕೇಳುತ್ತಿದ್ದೇನೆ. ಧ್ವನಿ ಜೋರಾಗಿದೆ, ಆದರೆ ಮಾತು ಸ್ಪಷ್ಟವಿಲ್ಲ. ಪಾತ್ರಧಾರಿಗಳು ಬಾವಿಯೊಳಗೆ ನಿಂತು ಮಾತಾಡಿದಂತೆ ಕೇಳುತ್ತದೆ. ತಂತಿಯದೇ ದೋಷ ಎಂದು ಅಂಗಡಿಯವರು ಫೋನಿನಲ್ಲೇ ತೀರ್ಪು ಕೊಟ್ಟರು. ಇಡೀ ಮನೆಗೆ ಕರೆಂಟ್ ಎಳೆಸಿದಾಗಲೂ ಇಷ್ಟು ಖರ್ಚಾಗಿರಲಿಲ್ಲ ಎಂದು ನಮ್ಮ ತಂದೆ ದಿನಕ್ಕೆ ಮೂರು ಸಲ ನೆನಪಿಸುತ್ತಿದ್ದಾರೆ. ತಿಳಿದವರು ದಾರಿ ತೋರಿಸಿ.

ಬಿದರಿ ಕಪ್ಪು, ಬೀದರ್
ಭಾನುವಾರ, ರಾತ್ರಿ 10:15

ತಮ್ಮಾ, ಯೋಚನೆ ಮಾಡಬೇಡಿ, ಕೊಂಡುಬಿಡಿ. ಸಾಧನಕ್ಕೆ ಲಕ್ಷ ಸುರಿದು ತಂತಿಗೆ ಜಿಪುಣತನ ಮಾಡುವುದು, ಹೋಳಿಗೆಗೆ ತುಪ್ಪದ ಬದಲು ಡಾಲ್ಡಾ ಹಾಕಿದಂತೆ. ನನ್ನ ಹತ್ತಿರ ಬೆಳ್ಳಿ ಲೇಪಿಸಿದ ಸ್ಪೀಕರ್ ಕೇಬಲ್ ಇದೆ, ಹೈದರಾಬಾದಿನಿಂದ ತಂದದ್ದು. ಬೆಲೆ ಹೇಳುವುದಿಲ್ಲ, ಮನೆಯವರೂ ಇಲ್ಲಿ ಓದುತ್ತಾರೆ. ಹಾಕಿದ ದಿನವೇ ತಬಲಾದ ಬೆರಳು ಬೆರಳೂ ಬೇರೆಯಾಗಿ ಕೇಳಿಸಿತು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಹೊರಗೆ ಬಂದು ನಿಂತಳು ಎಂದರೆ ನೀವೇ ಊಹಿಸಿ.

ನಮ್ಮೂರಿನ ಬಿದರಿ ಹೂಜಿಯನ್ನು ನೋಡಿ. ಮೂಲ ಲೋಹ ಸತು, ಅದರಲ್ಲಿ ಒಂದಿಷ್ಟು ತಾಮ್ರ. ತೂಕಕ್ಕೆ ಹಾಕಿದರೆ ಎಷ್ಟು ಬಂದೀತು? ಬೆಳ್ಳಿಯ ಎಳೆ, ಕೋಟೆಯ ಮಣ್ಣು, ಕುಶಲಕರ್ಮಿಯ ಕೈ ಸೇರಿದ ಮೇಲೆ ಅದರ ಬೆಲೆಯೇ ಬೇರೆ. ತಂತಿಯೂ ಹಾಗೆಯೇ.

ಮಲ್ಟಿಮೀಟರ್, ಸೇಡಂ
ಸೋಮವಾರ, ಬೆಳಿಗ್ಗೆ 6:50

ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು ನಾನು. ಮೊದಲು ಡಬ್ಬಿಯಲ್ಲಿರುವ ಎಚ್‌ಡಿಎಂಐ ವಿಷಯ ಮುಗಿಸೋಣ, ಅದು ಸುಲಭ.

ಎಚ್‌ಡಿಎಂಐ ತಂತಿಯಲ್ಲಿ ಹರಿಯುವುದು ಬಣ್ಣವಲ್ಲ, ಸಂಖ್ಯೆ. ಸೋರುವ ಗಡಿಗೆಯಲ್ಲಿ ಮಜ್ಜಿಗೆ ಒಯ್ದರೆ ಮನೆ ಮುಟ್ಟುವಷ್ಟರಲ್ಲಿ ಸ್ವಲ್ಪ ಕಡಿಮೆಯಾಗಿರುತ್ತದೆ. ಹಳೆಯ ಮೂರು ಬಣ್ಣದ ಪಿನ್ನುಗಳ ತಂತಿ ಆ ಜಾತಿಯದು. ಆದರೆ ‘ಹದಿನೇಳು ಸೇರು ತೊಗರಿ’ ಎಂದು ಬರೆದ ಚೀಟಿಯನ್ನು ಒಯ್ದರೆ, ಚೀಟಿ ಮಾಸಿದರೂ ಅಕ್ಷರ ಓದಲು ಬರುವವರೆಗೆ ಅದು ಹದಿನೇಳು ಸೇರೇ. ಚಿನ್ನದ ತಟ್ಟೆಯಲ್ಲಿಟ್ಟು ತಂದ ಮಾತ್ರಕ್ಕೆ ಹದಿನೆಂಟಾಗುವುದಿಲ್ಲ. ಎಚ್‌ಡಿಎಂಐ ಕೇಬಲ್ ಕೆಟ್ಟರೆ ಬಣ್ಣ ಪೇಲವವಾಗುವುದಿಲ್ಲ. ಪರದೆಯ ಮೇಲೆ ಬಿಳಿ ಚುಕ್ಕೆಗಳು ಮಿನುಗುತ್ತವೆ, ಚಿತ್ರ ಕಡಿದು ಕಡಿದು ಬರುತ್ತದೆ ಅಥವಾ ಪೂರ್ತಿ ಕಪ್ಪಾಗುತ್ತದೆ. ಅಂಗಡಿಯವರು ಹೇಳಿದ ‘ನಿಜವಾದ ಕಪ್ಪು’ ಆ ಒಂದು ರೀತಿಯಲ್ಲಿ ಮಾತ್ರ ಸಿಗಲು ಸಾಧ್ಯ.

ಹಾಗಾದರೆ ಏನು ನೋಡಿ ಕೊಳ್ಳಬೇಕು? ವೇಗ. 2013ರಲ್ಲಿ ಬಂದ ಎಚ್‌ಡಿಎಂಐ 2.0 ಆವೃತ್ತಿಗೆ ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ ಹರಿದರೆ ಸಾಕು. ಸೆಕೆಂಡಿಗೆ 60 ಚಿತ್ರಗಳ 4ಕೆ, ಅಂದರೆ ಅತಿ ಸೂಕ್ಷ್ಮ ಚಿತ್ರ, ಅದರಲ್ಲಿ ಬರುತ್ತದೆ. ಆ ಮಟ್ಟಕ್ಕೆ ಪರೀಕ್ಷೆಯಾದ ಕೇಬಲ್ ಮೇಲೆ ‘ಪ್ರೀಮಿಯಂ ಹೈ ಸ್ಪೀಡ್’ ಎಂಬ ಚೀಟಿ ಇರುತ್ತದೆ. 2017ರ ಎಚ್‌ಡಿಎಂಐ 2.1 ಬೇಡುವುದು 48 ಗಿಗಾಬಿಟ್, ಅದರ ಚೀಟಿ ‘ಅಲ್ಟ್ರಾ ಹೈ ಸ್ಪೀಡ್’. ಹೊಸ ಗೇಮ್ ಯಂತ್ರವಿದ್ದರೆ ಮಾತ್ರ ಎರಡನೆಯದರ ಅಗತ್ಯ. ಎರಡೂ ಚೀಟಿಗಳನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿ ಅಸಲಿಯೇ ಎಂದು ನೋಡಬಹುದು. ಎರಡು ಮೀಟರ್ ಉದ್ದಕ್ಕೆ ಇವು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಚಿನ್ನದ ಲೇಪನ ಅಗ್ಗದ ಕೇಬಲಿಗೂ ಇರುತ್ತದೆ. ಅದು ಪಿನ್ನಿಗೆ ಕಿಲುಬು ಹಿಡಿಯದಿರಲಿ ಎಂದು ಬಳಿದದ್ದು, ಚಿತ್ರಕ್ಕೆ ಮೆರುಗು ಕೊಡಲು ಅಲ್ಲ.

ಬಿದರಿ ಅಣ್ಣಾವರ ಹೋಲಿಕೆ ಚೆಂದ, ಆದರೆ ಅದು ಅವರ ವಿರುದ್ಧವೇ ತಿರುಗುತ್ತದೆ. ಕೋಟೆಯ ಮಣ್ಣು ಸತುವನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಬೆಲೆಚೀಟಿ ಕಿತ್ತು ಕೈಗೆ ಕೊಟ್ಟರೂ ಬಿದರಿ ಯಾವುದು, ಬಣ್ಣ ಬಳಿದ ತಗಡು ಯಾವುದು ಎಂದು ನೋಡಿದವರು ಹೇಳುತ್ತಾರೆ. ನಿಮ್ಮ ಕೇಬಲಿನ ಬೆಲೆಚೀಟಿ ಕಿತ್ತರೆ ಏನಾಗುತ್ತದೆ?

ಕೌಂಟರ್ ಹಿಂದೆ
ಸೋಮವಾರ, ಮಧ್ಯಾಹ್ನ 2:10

ಊರು ಹೇಳುವುದಿಲ್ಲ, ಅಂಗಡಿಯಂತೂ ಹೇಳುವುದೇ ಇಲ್ಲ. ನಾನೂ ಇಂಥದೇ ಒಂದು ಮಳಿಗೆಯಲ್ಲಿ ಆರು ವರ್ಷ ನಿಂತವನು. ಟಿವಿಯ ದರವನ್ನು ಗಿರಾಕಿ ಮೊಬೈಲಿನಲ್ಲಿ ನೋಡಿಕೊಂಡೇ ಬಂದಿರುತ್ತಾನೆ, ಅಲ್ಲಿ ನಮಗೆ ಉಳಿಯುವುದು ಚಹಾ ಖರ್ಚು. ಕೇಬಲ್, ಸ್ಟ್ಯಾಂಡ್, ಹೆಚ್ಚುವರಿ ವಾರಂಟಿ, ಇವುಗಳ ದರ ಯಾರೂ ನೋಡಿರುವುದಿಲ್ಲ. ‘ಟಿವಿ ಮಾರುವುದು ದೊಡ್ಡ ಮಾತಲ್ಲ, ಡಬ್ಬಿ ಮಾರಿದವನು ಗಂಡಸು’ ಎಂದು ನಮ್ಮ ಮಾಲೀಕರು ಹೇಳುತ್ತಿದ್ದರು. ಇಷ್ಟು ದೊಡ್ಡ ಮೊತ್ತಕ್ಕೆ ಮನಸ್ಸು ಮಾಡಿದ ಮನುಷ್ಯ ಬಿಲ್ಲಿನ ಕೊನೆಯ ಸಾಲಿಗೆ ಜಗಳವಾಡುವುದಿಲ್ಲ ಎಂಬುದೇ ಲೆಕ್ಕಾಚಾರ. ಹುಡುಗನ ಮೇಲೆ ಸಿಟ್ಟಾಗಬೇಡಿ, ಅವನಿಗೆ ತಿಂಗಳಿಗೆ ಇಷ್ಟು ಡಬ್ಬಿ ಎಂದು ಗುರಿ ಕೊಟ್ಟಿರುತ್ತಾರೆ. ಡಬ್ಬಿ ಒಡೆಯದೆ ಇಟ್ಟದ್ದು ಒಳ್ಳೆಯದಾಯಿತು. ಬಿಲ್ ಸಮೇತ ಬೆಳಗಿನ ಹೊತ್ತು ಹೋಗಿ, ಬೋಣಿಗೆಗೆ ಮೊದಲು ಬೇಡ. ಹಣ ಕೊಡದಿದ್ದರೂ ಬೇರೆ ವಸ್ತು ಕೊಡುತ್ತಾರೆ.

ಭೋಂಗಾ ಕಾಕಾ, ಶಹಾಪುರ
ಸೋಮವಾರ, ರಾತ್ರಿ 8:30

ನಾನು ಇಂಗ್ಲಿಷ್ ಡಬ್ಬಿ ಓದಿದವನಲ್ಲ. ಮೂವತ್ತು ವರ್ಷದಿಂದ ಯಾದಗಿರಿ, ಸುರಪುರ, ಶಹಾಪುರದ ಸುತ್ತ ಜಾತ್ರೆ, ಉರುಸು, ಮದುವೆ, ಪುರಾಣ ಪ್ರವಚನಕ್ಕೆ ಧ್ವನಿವರ್ಧಕ ಹಾಕುತ್ತಾ ಬಂದವನು. ನನ್ನ ಗೋದಾಮಿನಲ್ಲಿ ಬಿದ್ದಿರುವ ತಂತಿ ಬಿಡಿಸಿ ಎಳೆದರೆ ಭೀಮಾ ನದಿ ದಾಟೀತು.

ತಂತಿಯಲ್ಲಿ ನೋಡಬೇಕಾದದ್ದು ಮೂರೇ: ಒಳಗೆ ಅಸಲಿ ತಾಮ್ರವೇ, ದಪ್ಪ ಸಾಕೇ, ತುದಿ ಗಟ್ಟಿಯೇ. ಈಗ ಬಜಾರಿನಲ್ಲಿ ಪಾರದರ್ಶಕ ಹೊದಿಕೆಯೊಳಗೆ ಫಳಫಳ ಹೊಳೆಯುವ ಸ್ಪೀಕರ್ ತಂತಿ ಬರುತ್ತದೆ. ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ತೆಳು ಪದರ ಹೊದ್ದ ಅಲ್ಯೂಮಿನಿಯಂ. ನಾಲ್ಕು ಸಲ ಮಡಚಿದರೆ ಮುರಿಯುತ್ತದೆ, ಅದೇ ದಪ್ಪದ ತಾಮ್ರಕ್ಕಿಂತ ಹೆಚ್ಚು ಕರೆಂಟ್ ತಿನ್ನುತ್ತದೆ. ಮೇಲೆ ತವರ ಬಳಿದ ತಾಮ್ರವೂ ಹೊರಗೆ ಬೆಳ್ಳಗಿರುತ್ತದೆ, ಆದರೆ ಕೆರೆದರೆ ಒಳಗೆ ಕೆಂಪು. ಇವೆರಡನ್ನು ಕಲಸಿಕೊಳ್ಳಬೇಡಿ.

ಜಾತ್ರೆಯಲ್ಲಿ ಬೇವಿನ ಮರದಿಂದ ಮರಕ್ಕೆ ಅರ್ಧ ಕಿಲೋಮೀಟರ್ ತಂತಿ ಎಳೆದು ಭೋಂಗಾ, ಅಂದರೆ ಕಹಳೆಯಂಥ ಧ್ವನಿವರ್ಧಕ, ಕಟ್ಟುತ್ತೇವೆ. ಬಾಳೆಯ ನಾರಿನಂಥ ತೆಳು ತಂತಿ, ಆದರೂ ಕೊನೆಯ ಮರದಲ್ಲಿ ಪ್ರವಚನ ಸ್ಪಷ್ಟವಾಗಿ ಕೇಳುತ್ತದೆ. ಏಕೆಂದರೆ ಅದು 100 ವೋಲ್ಟ್ ಲೈನ್. ಆ್ಯಂಪ್ಲಿಫೈಯರಿನಲ್ಲಿ ವೋಲ್ಟೇಜ್ ಏರಿಸಿ ಕಳಿಸುತ್ತೇವೆ, ಭೋಂಗಾದ ಹತ್ತಿರ ಸಣ್ಣ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸುತ್ತದೆ. 30 ವ್ಯಾಟಿನ ಭೋಂಗಾಕ್ಕೆ ಆಗ ಆ್ಯಂಪಿಯರಿನ ಮೂರನೇ ಒಂದು ಭಾಗದಷ್ಟೂ ಕರೆಂಟ್ ಹರಿಯುವುದಿಲ್ಲ. ಅದನ್ನೇ 8 ಓಮ್ (ಕರೆಂಟಿಗೆ ಒಡ್ಡುವ ಅಡ್ಡಿಯ ಅಳತೆ) ಸ್ಪೀಕರಿಗೆ ನೇರ ಕೊಟ್ಟರೆ ಎರಡು ಆ್ಯಂಪಿಯರ್ ಹತ್ತಿರ ಹೋಗುತ್ತದೆ, ತಂತಿಯಲ್ಲಿ ಸುಡುವ ಶಕ್ತಿ ನಲವತ್ತು ಪಟ್ಟು. ದೂರ ಹೋಗಬೇಕಾದಾಗ ನಾವು ತಂತಿಗೆ ಹಣ ಸುರಿಯಲಿಲ್ಲ, ಕಳಿಸುವ ರೀತಿ ಬದಲಿಸಿದೆವು.

ಇನ್ನು ‘ಗುಂಯ್’ ಎನ್ನುವ ಸದ್ದು. ಒಂದು ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಸರಿಯಾಗಿ ಅದು ಶುರುವಾಯಿತು. ವರನ ಕಡೆಯ ಇಂಜಿನಿಯರ್ ಒಬ್ಬರು ನಿಮ್ಮ ವೈರ್ ಕಳಪೆ ಎಂದು ಎಲ್ಲರ ಎದುರು ಹೇಳಿದರು. ತಂತಿ ಬದಲಿಸಿದೆ, ನಿಲ್ಲಲಿಲ್ಲ. ಇನ್ನೊಮ್ಮೆ ಬದಲಿಸಿದೆ, ನಿಲ್ಲಲಿಲ್ಲ. ಕೊನೆಗೆ ಹಾಡು ಹಾಕುವ ಹುಡುಗನ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ, ಸದ್ದು ಪಟ್ಟನೆ ಅಡಗಿತು. ಒಂದೇ ಧ್ವನಿಸಾಲು ಎರಡು ಸಾಕೆಟ್ಟುಗಳ ಅರ್ಥಿಂಗ್ ಹಿಡಿದುಕೊಂಡರೆ ನಡುವೆ ಸುತ್ತು ಬಿದ್ದು ಕರೆಂಟಿನ 50 ಹರ್ಟ್ಸ್ ಸದ್ದು ಒಳಗೆ ನುಸುಳುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ, ಅಥವಾ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ಸಣ್ಣ ಡಬ್ಬಿ ಇಡಿ. ಕೆಲವರು ಸದ್ದು ನಿಲ್ಲಿಸಲು ಅರ್ಥ್ ಪಿನ್ ಮುರಿಯುತ್ತಾರೆ. ಹಾಗೆ ಮಾಡಬೇಡಿ, ಸದ್ದಿನ ಜೊತೆ ಮನುಷ್ಯರೂ ನಿಲ್ಲುತ್ತಾರೆ.

ಮೈಕಿನ ತಂತಿ ನೋಡಿ, ಮೂರು ಪಿನ್ನಿನದು. ಒಂದು ಎಳೆಯಲ್ಲಿ ಧ್ವನಿ ನೇರ, ಇನ್ನೊಂದರಲ್ಲಿ ತಿರುವುಮುರುವು. ದಾರಿಯಲ್ಲಿ ಹತ್ತಿಕೊಂಡ ಸದ್ದು ಎರಡರಲ್ಲೂ ಒಂದೇ ಇರುವುದರಿಂದ ಕೊನೆಯಲ್ಲಿ ಕಳೆದುಹೋಗುತ್ತದೆ. ಮೂವತ್ತು ಮೀಟರ್ ಎಳೆದರೂ ಗುಂಯ್ ಇಲ್ಲ, ಮಖಮಲ್ ಡಬ್ಬಿಯೂ ಇಲ್ಲ.

ತೊಗರಿನಾಡು, ಕಲಬುರಗಿ
ಸೋಮವಾರ, ರಾತ್ರಿ 9:05

ಕಾಕಾ, ಕೈ ಮುಗಿದೆ. ಹಾಗಾದರೆ ನನಗೆ ಎಷ್ಟು ದಪ್ಪದ ತಂತಿ? ಮುಂದಿನ ಸ್ಪೀಕರಿಗೆ ಎರಡೆರಡು ಮೀಟರ್, ಹಿಂದಿನವಕ್ಕೆ ಬಾಗಿಲು ಸುತ್ತಿ ಹೋಗಬೇಕಾದ್ದರಿಂದ ಹತ್ತತ್ತು ಮೀಟರ್. ಎಲ್ಲವೂ 8 ಓಮ್.

ಮಲ್ಟಿಮೀಟರ್, ಸೇಡಂ
ಸೋಮವಾರ, ರಾತ್ರಿ 9:50

ಲೆಕ್ಕ ಇಲ್ಲಿದೆ. ಮನೆಯ ಪವರ್ ಪಾಯಿಂಟಿಗೆ ಎಳೆಯುವ ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.007 ಓಮ್ ಪ್ರತಿರೋಧ. ಹತ್ತು ಮೀಟರ್ ದೂರವೆಂದರೆ ಹೋಗಿ ಬರುವ ದಾರಿ ಇಪ್ಪತ್ತು ಮೀಟರ್, 0.14 ಓಮ್. 8 ಓಮ್ ಸ್ಪೀಕರಿನ ಎದುರು ಇದರ ನಷ್ಟ ಡೆಸಿಬಲ್‌ನ (ಧ್ವನಿಯ ಏರಿಳಿತದ ಅಳತೆ) ಆರನೇ ಒಂದು ಭಾಗಕ್ಕಿಂತ ಕಡಿಮೆ. ಒಂದು ಡೆಸಿಬಲ್ ವ್ಯತ್ಯಾಸವನ್ನು ಹಿಡಿಯುವುದೇ ನಮ್ಮ ಕಿವಿಗೆ ಕಷ್ಟ. ನೀವು ಈಗ ಜೋಡಿಸಿರುವ ತೆಳು ತಂತಿ ಅರ್ಧ ಸ್ಕ್ವೇರ್ ಎಂಎಂ ಇದ್ದರೆ ಅದೇ ದೂರಕ್ಕೆ ಮುಕ್ಕಾಲು ಡೆಸಿಬಲ್ ಹೋಗುತ್ತದೆ. ಬದಲಿಸುವುದು ಒಳ್ಳೆಯದು. ಆದರೆ ‘ಬಾವಿಯೊಳಗಿನ ಮಾತಿ’ಗೆ ಇದು ಕಾರಣವಲ್ಲ. ಅದು ಬೇರೆ ಏನೋ.

ಬೆಳ್ಳಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬೆಳ್ಳಿ ತಾಮ್ರಕ್ಕಿಂತ ನೂರಕ್ಕೆ ಐದಾರರಷ್ಟು ಮಾತ್ರ ಉತ್ತಮ ವಾಹಕ. ತಾಮ್ರವೋ, ಪ್ರತಿ ಡಿಗ್ರಿ ಬಿಸಿಗೆ ಸುಮಾರು 0.4 ಪ್ರತಿಶತ ಹೆಚ್ಚು ಅಡ್ಡಿ ಒಡ್ಡುತ್ತದೆ. 20 ಡಿಗ್ರಿಯಿಂದ ನಮ್ಮ ಮೇ ತಿಂಗಳ 42ಕ್ಕೆ ಏರಿದರೆ ಎಂಟು ಪ್ರತಿಶತ ದಾಟುತ್ತದೆ. ಅಂದರೆ ಬೆಳ್ಳಿ ಕೊಟ್ಟದ್ದನ್ನು ಕಲಬುರಗಿಯ ಬಿಸಿಲು ಬಡ್ಡಿಸಮೇತ ಕಿತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ಹಾಡು ಹಾಳಾಯಿತು ಎಂದು ಯಾರೂ ದೂರಿದ್ದು ನನಗೆ ಗೊತ್ತಿಲ್ಲ.

ಭೋಂಗಾ ಕಾಕಾ, ಶಹಾಪುರ
ಸೋಮವಾರ, ರಾತ್ರಿ 10:20

ಮಾಸ್ತರರ ಲೆಕ್ಕಕ್ಕೆ ನನ್ನ ಕೈಕೆಲಸ ಸೇರಿಸಿ. ಕೆಂಪು ಒಂದು, ಕಪ್ಪು ಒಂದು ತಂತಿ ತೆಗೆದುಕೊಳ್ಳಿ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ಮೆಲ್ಲಗೆ ತಿರುಗಿಸಿ. ಜಡೆಯಂತೆ ಹೊಸೆದುಕೊಳ್ಳುತ್ತದೆ. ಎಲ್ಲ ಸ್ಪೀಕರಿಗೂ ಕೆಂಪು ಕೆಂಪಿಗೇ ಹೋಗಲಿ. ಒಂದು ಸ್ಪೀಕರ್ ತಿರುವುಮುರುವಾದರೆ ಮೃದಂಗದ ತಗ್ಗು ಸದ್ದು ಅರ್ಧ ಮಾಯವಾಗುತ್ತದೆ. ಆಗ ಜನ ಹೋಗಿ ತುಟ್ಟಿ ತಂತಿ ತರುತ್ತಾರೆ, ಜೋಡಿಸುವಾಗ ಸರಿಯಾಗಿ ಜೋಡಿಸುತ್ತಾರೆ, ‘ನೋಡಿದಿರಾ, ತಂತಿಯ ಮಹಿಮೆ’ ಎನ್ನುತ್ತಾರೆ!

ಬಿದರಿ ಕಪ್ಪು, ಬೀದರ್
ಮಂಗಳವಾರ, ಬೆಳಿಗ್ಗೆ 7:30

ಕಾಕಾ ನಕ್ಕದ್ದು ನನ್ನನ್ನೇ ನೋಡಿ ಎಂದು ಗೊತ್ತಾಯಿತು. ಮಾಸ್ತರರಿಗೆ ಒಂದು ಪ್ರಶ್ನೆ: ಮೀಟರ್ ಅಳೆಯುವುದೆಲ್ಲ ಕಿವಿ ಕೇಳುವುದೇ? ರಾಗಕ್ಕೆ ಓಮ್ ಎಷ್ಟು? ಜಗತ್ತಿನಲ್ಲಿ ಇಷ್ಟು ಜನ ಹಣ ಕೊಟ್ಟು ಕೊಳ್ಳುತ್ತಿರುವುದು ಸುಮ್ಮನೆಯೇ?

ಮಲ್ಟಿಮೀಟರ್, ಸೇಡಂ
ಮಂಗಳವಾರ, ಬೆಳಿಗ್ಗೆ 8:05

ಸುಮ್ಮನೆ ಕೊಳ್ಳುವುದಿಲ್ಲ, ಸಂತೋಷದಿಂದಲೇ ಕೊಳ್ಳುತ್ತಾರೆ. 1970ರ ದಶಕದ ಕೊನೆಯವರೆಗೆ ಅಮೆರಿಕದಲ್ಲೂ ಜನ ಮೇಜುದೀಪದ ತಂತಿಯನ್ನೇ ಸ್ಪೀಕರಿಗೆ ಹಾಕುತ್ತಿದ್ದರು. ಕೇಬಲ್ ಮಾರುವ ಮಾನ್‌ಸ್ಟರ್ ಕಂಪನಿ ಬಂದ ಮೇಲೆ ತಂತಿಗೂ ಒಂದು ವರ್ಚಸ್ಸು ಬಂತು. 2008ರಲ್ಲಿ ಡೆನಾನ್ ಕಂಪನಿ ಒಂದೂವರೆ ಮೀಟರಿನ ನೆಟ್‌ವರ್ಕ್ ಕೇಬಲನ್ನು 499 ಡಾಲರಿಗೆ ಮಾರಾಟಕ್ಕಿಟ್ಟಿತು, ಸಂಕೇತ ಯಾವ ಕಡೆ ಹರಿಯಬೇಕೆಂದು ಬಾಣದ ಗುರುತೂ ಇತ್ತು. ಅದರ ಹಿಂದಿನ ವರ್ಷ, ಪವಾಡಗಳ ಬಣ್ಣ ಬಯಲು ಮಾಡುತ್ತಿದ್ದ ಜಾದೂಗಾರ ಜೇಮ್ಸ್ ರ್ಯಾಂಡಿ ಸವಾಲು ಹಾಕಿದ್ದರು: 7,250 ಡಾಲರಿನ ಪಿಯರ್ ಕಂಪನಿಯ ಸ್ಪೀಕರ್ ಕೇಬಲನ್ನು ಸಾಧಾರಣ ಕೇಬಲಿನಿಂದ ಕಣ್ಣು ಮುಚ್ಚಿ ಗುರುತಿಸಿದರೆ ಹತ್ತು ಲಕ್ಷ ಡಾಲರ್ ಬಹುಮಾನ. ಅದನ್ನು ಯಾರೂ ಒಯ್ಯಲಿಲ್ಲ.

ಬಿದರಿ ಕಪ್ಪು, ಬೀದರ್
ಮಂಗಳವಾರ, ಬೆಳಿಗ್ಗೆ 8:12

ಅರ್ಧ ಹೇಳಿದಿರಿ ಸರ್. ಆ ಪರೀಕ್ಷೆ ನಡೆಯಲೇ ಇಲ್ಲ. ಮಾತುಕತೆಯಲ್ಲೇ ಮುರಿದುಬಿತ್ತು. ನಡೆಯದ ಕುಸ್ತಿಯಲ್ಲಿ ಸೋತವನು ಯಾರು?

ಮಲ್ಟಿಮೀಟರ್, ಸೇಡಂ
ಮಂಗಳವಾರ, ಬೆಳಿಗ್ಗೆ 8:20

ಒಪ್ಪಿದೆ, ನಿಮ್ಮ ಮಾತು ಸರಿ. ಹಾಗಾದರೆ ನಾವೇ ನಡೆಸೋಣವೇ? ಭಾನುವಾರ, ನಿಮ್ಮ ಮನೆ, ನಿಮ್ಮ ಸ್ಪೀಕರ್, ನಿಮ್ಮ ಇಷ್ಟದ ಹಾಡು. ನನ್ನ ಕೈಯಲ್ಲಿ ಎರಡೂವರೆ ಸ್ಕ್ವೇರ್ ಎಂಎಂ ಮನೆತಂತಿ.

ಬಿದರಿ ಕಪ್ಪು, ಬೀದರ್
ಮಂಗಳವಾರ, ಬೆಳಿಗ್ಗೆ 8:21

ಬನ್ನಿ. ಊಟ ನಮ್ಮಲ್ಲೇ.

ಹಳೆ ಆಂಟೆನಾ, ಕಲಬುರಗಿ
ಬುಧವಾರ, ಸಂಜೆ 5:45

ಕುಸ್ತಿ ನಿಗದಿಯಾದದ್ದು ಸಂತೋಷ. ನಡುವೆ ಮುದುಕನ ಮಾತು ಸ್ವಲ್ಪ ಕೇಳಿ. ತಂತಿಯಿಂದ ನಿಜವಾಗಿಯೂ ಚಿತ್ರ ಕೆಡುತ್ತಿದ್ದ ಕಾಲವೊಂದಿತ್ತು. ಈ ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಜಿಲ್ಲೆ ಉಪಗ್ರಹದಿಂದ ನೇರವಾಗಿ ಟಿವಿ ನೋಡಿದ್ದು 1975ರಲ್ಲಿ ಎಂದರೆ ಮೊಮ್ಮಕ್ಕಳು ನಂಬುವುದಿಲ್ಲ. ಆ ವರ್ಷದ ಆಗಸ್ಟ್ 1ರಿಂದ ಮುಂದಿನ ಜುಲೈ ಕೊನೆಯವರೆಗೆ, ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ಆಗಿನ ಗುಲಬರ್ಗಾ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು, ಈಗಿನ ಯಾದಗಿರಿ ಆಗ ನಮ್ಮ ಜಿಲ್ಲೆಯೊಳಗೇ ಇತ್ತು. ಆಂಟೆನಾ ಯಾವುದರದು ಗೊತ್ತೇ? ಕೋಳಿಗೂಡಿಗೆ ಹಾಕುವ ಜಾಲರಿ! ಮೂರು ಮೀಟರ್ ಅಗಲದ ಛತ್ರಿಯಂತೆ ಬಗ್ಗಿಸಿ ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದರು. ಭೂಮಿಯಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿನಿಂದ ಬಂದ ಚಿತ್ರವನ್ನು ಕೋಳಿಜಾಲರಿ ಹಿಡಿಯಿತು. ಲೆಕ್ಕ ಸರಿಯಿದ್ದರೆ ವಸ್ತು ಅಗ್ಗವಿರಬಹುದು ಎಂದು ನಾನು ಕಲಿತದ್ದು ಆ ಜಾಲರಿಯ ಕೆಳಗೆ ಕುಳಿತು.

ಮುಂದೆ ನಾನು ಟಿವಿ ರಿಪೇರಿಗೆ ಇಳಿದಾಗ ಮನೆಮನೆಯ ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ, ಅಲ್ಲಿಂದ ಕೆಳಕ್ಕೆ ಚಪ್ಪಟೆ ತಂತಿ. ಅದು 300 ಓಮ್‌ನದು. ಕೆಲವರು ಅಗ್ಗವೆಂದು ಸಾದಾ ಬಲ್ಬಿನ ತಂತಿ ಎಳೆಯುತ್ತಿದ್ದರು. ಓಮ್ ಹೊಂದದಿದ್ದರೆ ಸಂಕೇತ ತುದಿಗೆ ಬಡಿದು ಹಿಂದಕ್ಕೆ ಓಡುತ್ತದೆ, ಪರದೆಯ ಮೇಲೆ ವಾರ್ತೆ ಓದುವವರ ಪಕ್ಕದಲ್ಲಿ ಅವರದೇ ನೆರಳು ನಿಲ್ಲುತ್ತದೆ. ಚಪ್ಪಟೆ ತಂತಿಯನ್ನು ಕಬ್ಬಿಣದ ಕೊಳವೆಗೆ ತಾಗಿಸಿ ಕಟ್ಟಿದರೂ ಅದೇ ಗತಿ. ಆಮೇಲೆ 75 ಓಮ್‌ನ ದುಂಡು ಕೇಬಲ್ ಬಂತು, ಹೆಚ್ಚು ಹಣ ಕೊಟ್ಟವರ ಮನೆಯ ಚಿತ್ರ ನಿಜವಾಗಿ ಸ್ವಚ್ಛವಾಯಿತು. ಆ ನೆನಪು ಜನರ ಮನಸ್ಸಿನಲ್ಲಿ ಉಳಿದಿದೆ. ವ್ಯಾಪಾರಿ ಅದನ್ನೇ ಈಗ ಡಬ್ಬಿಯಲ್ಲಿ ಹಾಕಿ ಮಾರುತ್ತಿದ್ದಾನೆ.

ಕಲ್ಯಾಣ ಮಂಟಪ, ಚಿತ್ತಾಪುರ
ಬುಧವಾರ, ರಾತ್ರಿ 9:00

ಹಿರಿಯರ ಮಾತಿನ ನಡುವೆ ನನ್ನದೂ ಒಂದು. ನಮ್ಮ ಸಭಾಂಗಣದಲ್ಲಿ ಪ್ರೊಜೆಕ್ಟರ್ ವೇದಿಕೆಯಿಂದ 20 ಮೀಟರ್ ದೂರ. ಅಗ್ಗದ ಉದ್ದ ಎಚ್‌ಡಿಎಂಐ ಹಾಕಿದರೆ ಚಿತ್ರ ಮಿಂಚಿ ಮಾಯವಾಗುತ್ತದೆ. ಇಲ್ಲಿಯೂ ಕೆಲವು ನೂರು ರೂಪಾಯಿಯದು ಸಾಕೇ?

ಮಲ್ಟಿಮೀಟರ್, ಸೇಡಂ
ಬುಧವಾರ, ರಾತ್ರಿ 9:25

ಸಾಲದು. ಇಲ್ಲಿ ಹಣ ಬಿಚ್ಚಲೇಬೇಕು. ಅಷ್ಟು ದೂರಕ್ಕೆ ಸಾದಾ ತಾಮ್ರದ ಕೇಬಲ್ ಸೋಲುತ್ತದೆ. ಒಳಗೆ ಗಾಜಿನ ಎಳೆಯಿರುವ ಆಪ್ಟಿಕಲ್ ಎಚ್‌ಡಿಎಂಐ ತೆಗೆದುಕೊಳ್ಳಿ. ಅದರಲ್ಲಿ ಬಾಣದ ಗುರುತಿಗೆ ನಿಜವಾದ ಅರ್ಥವಿದೆ, ತಿರುಗಿಸಿ ಹಾಕಿದರೆ ಚಿತ್ರ ಬರುವುದಿಲ್ಲ. ಗೋಡೆಯೊಳಗೆ ಹೂಳುವ ಮೊದಲು ನೆಲದ ಮೇಲೆ ಹಾಸಿ ಪರೀಕ್ಷಿಸಿ.

ಬಿದರಿ ಕಪ್ಪು, ಬೀದರ್
ಭಾನುವಾರ, ರಾತ್ರಿ 8:10

ಫಲಿತಾಂಶವನ್ನು ನಾನೇ ಬರೆಯುತ್ತೇನೆ ಎಂದು ಮಾಸ್ತರರಿಂದ ಮಾತು ತೆಗೆದುಕೊಂಡಿದ್ದೇನೆ.

ಸ್ಪೀಕರ್‌ಗಳ ಹಿಂದೆ ಪರದೆ ಕಟ್ಟಿದೆವು. ಮಾಸ್ತರರ ವಿದ್ಯಾರ್ಥಿ ಪರದೆಯ ಹಿಂದೆ ನಾಣ್ಯ ಚಿಮ್ಮಿ ತಂತಿ ಬದಲಿಸುವುದು, ಬರೆದಿಟ್ಟುಕೊಳ್ಳುವುದು. ನಮಗಾಗಲಿ ಮಾಸ್ತರರಿಗಾಗಲಿ ಯಾವ ತಂತಿ ಎಂದು ಗೊತ್ತಿಲ್ಲ. ತಲೆಗೆ ಹತ್ತು ಸುತ್ತು. ಬರೀ ಊಹೆಯಿಂದ ಹತ್ತಕ್ಕೆ ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವ ನೂರಕ್ಕೆ ಒಂದು, ಆದ್ದರಿಂದ ಒಂಬತ್ತು ಬಂದರೆ ಗೆದ್ದಂತೆ ಎಂದು ಮೊದಲೇ ಮಾತಾಗಿತ್ತು. ಮೊದಲ ಮೂರು ಸುತ್ತು ನಾನು ಖಡಾಖಂಡಿತವಾಗಿ ಹೇಳಿದೆ. ನಾಲ್ಕನೆಯದಕ್ಕೆ ಅನುಮಾನ ಬಂತು. ಏಳರ ಹೊತ್ತಿಗೆ ಬೆವರು.

ನನಗೆ ಹತ್ತಕ್ಕೆ ಐದು. ನನ್ನ ಗೆಳೆಯನಿಗೆ ಆರು. ಖಡಾಖಂಡಿತವಾಗಿ ಹೇಳಿದ ಆ ಮೂರರಲ್ಲಿ ಎರಡು ತಪ್ಪು. ಮಾಸ್ತರರು ನಗಲಿಲ್ಲ, ಅದಕ್ಕೆ ಕೃತಜ್ಞ. ಕೇಬಲ್ ಹಾಕಿದ ದಿನ ಅಡುಗೆಮನೆಯಿಂದ ಹೊರಬಂದ ವಿಷಯವನ್ನು ನನ್ನ ಹೆಂಡತಿಗೂ ಕೇಳಿದರು. ‘ಇವರು ಅಷ್ಟು ಜೋರಾಗಿ ಹಾಡು ಇಟ್ಟಿದ್ದರು, ಕುಕ್ಕರಿನ ಸೀಟಿ ಎಣಿಸಲು ಆಗುತ್ತಿರಲಿಲ್ಲ. ಕಡಿಮೆ ಮಾಡಿ ಎಂದು ಹೇಳಲು ಬಂದೆ’ ಎಂದಳು.

ಕೇಬಲ್ ತೆಗೆದುಹಾಕುವುದಿಲ್ಲ. ಚೆಂದ ಕಾಣುತ್ತದೆ, ನನಗೆ ಪ್ರೀತಿ ಇದೆ. ಆದರೆ ಇನ್ನೊಬ್ಬರಿಗೆ ಕೊಳ್ಳಿ ಎಂದು ಇನ್ನು ಹೇಳಲಾರೆ. ಒಂದು ವಿಚಿತ್ರ ಮಾತ್ರ ಹೇಳಬೇಕು. ಪರೀಕ್ಷೆಗೆಂದು ಕಟ್ಟಿದ್ದು ದಪ್ಪ ಬಟ್ಟೆಯ ಪರದೆ. ಸಂಜೆ ಅದನ್ನು ಬಿಚ್ಚಿದ ತಕ್ಷಣ ಧ್ವನಿ ಕೆಟ್ಟಿತು. ಅದನ್ನು ಮಾತ್ರ ನಾವೆಲ್ಲರೂ ಹತ್ತಕ್ಕೆ ಹತ್ತು ಸಲ ಗುರುತಿಸಬಲ್ಲೆವು.

ತಂಬೂರಿ, ಹುಮನಾಬಾದ್
ಭಾನುವಾರ, ರಾತ್ರಿ 9:30

ಒಂದು ವಾರದಿಂದ ಸುಮ್ಮನೆ ಓದುತ್ತಿದ್ದೆ. ಮಕ್ಕಳಿಗೆ ಹಾಡು ಕಲಿಸುವವಳು ನಾನು, ಆ ಪರದೆಯ ಮಾತಿಗೇ ಕಾಯುತ್ತಿದ್ದೆ. ತೊಗರಿನಾಡು ತಮ್ಮಾ, ನಿಮ್ಮ ಪಡಸಾಲೆಯ ನೆಲ ಯಾವುದು? ಗೋಡೆಯ ಮೇಲೆ ಏನಿದೆ?

ತೊಗರಿನಾಡು, ಕಲಬುರಗಿ
ಭಾನುವಾರ, ರಾತ್ರಿ 9:34

ಶಹಾಬಾದ್ ಫರಸಿ ನೆಲ ಅಕ್ಕಾ. ಗೋಡೆಗೆ ಒಂದು ಕ್ಯಾಲೆಂಡರ್. ಹದಿನಾರು ಅಡಿ ಉದ್ದ, ಹದಿಮೂರು ಅಗಲ, ಹತ್ತು ಎತ್ತರ. ಟಿವಿಗೆ ಜಾಗ ಮಾಡಲೆಂದು ಹಳೆಯ ಗಾದಿ, ಜಮಖಾನ ಎಲ್ಲವನ್ನೂ ಮಾಳಿಗೆಗೆ ಸಾಗಿಸಿದ್ದೇವೆ.

ತಂಬೂರಿ, ಹುಮನಾಬಾದ್
ಭಾನುವಾರ, ರಾತ್ರಿ 10:10

ನಿಮ್ಮ ಬಾವಿ ಸಿಕ್ಕಿತು. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ‘ಝೀಂ’ ಎಂದು ಉಳಿದರೆ ಮಾತಿನ ಒಂದು ಅಕ್ಷರದ ಮೇಲೆ ಹಿಂದಿನ ಅಕ್ಷರ ಕುಳಿತಿರುತ್ತದೆ. ಕಲ್ಲು, ಗಾರೆ, ಗಾಜು ಸದ್ದನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ನೀವು ಮಾಳಿಗೆಗೆ ಸಾಗಿಸಿದ್ದೇ ನಿಮ್ಮ ಮನೆಯ ಅತ್ಯುತ್ತಮ ಧ್ವನಿ ಸಾಧನ.

1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಇದೇ ತೊಂದರೆ ಬಂದಿತ್ತು. ಹೊಸ ಉಪನ್ಯಾಸ ಮಂದಿರ, ಒಂದು ಮಾತು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು, ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ವಾಲೇಸ್ ಸಬೀನ್ ಎಂಬ ಯುವ ಅಧ್ಯಾಪಕರು ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಗಾದಿಗಳನ್ನು ಹೊತ್ತು ತಂದು ಒಂದೊಂದಾಗಿ ಹಾಸುತ್ತಾ, ಆರ್ಗನ್ ಕೊಳವೆ ಊದಿಸಿ ಗಡಿಯಾರ ಹಿಡಿದು ಕೂತರು. ಬೆಳಗಾಗುವಷ್ಟರಲ್ಲಿ ಎಲ್ಲವನ್ನೂ ತಿರುಗಿ ಒಯ್ದು ಇಡಬೇಕಿತ್ತು. ಆ ಗಾದಿಗಳಿಂದ ಹುಟ್ಟಿದ ಸೂತ್ರವನ್ನು ಇಂದಿಗೂ ಸಭಾಂಗಣ ಕಟ್ಟುವವರು ಬಳಸುತ್ತಾರೆ. ನಿಮ್ಮ ಪಡಸಾಲೆ ಸುಮಾರು 60 ಘನ ಮೀಟರ್. ಬರೀ ಕಲ್ಲು ಗೋಡೆಯಿದ್ದರೆ ಸದ್ದು ಆರಲು ಮೂರು ಸೆಕೆಂಡಿನಷ್ಟು ಬೇಕು. ಸೋಫಾ, ಜನ ಸೇರಿದರೆ ಒಂದೂವರೆ. ಅದಕ್ಕೆ ಜಮಖಾನ, ದಪ್ಪ ಪರದೆ, ಎರಡು ಕೌದಿ ಸೇರಿಸಿ, ಒಂದು ಸೆಕೆಂಡಿಗಿಂತ ಕೆಳಗೆ ಇಳಿಯುತ್ತದೆ.

ಕೌದಿಯನ್ನು ಗೋಡೆಗೆ ಒತ್ತಿ ಹೊಡೆಯಬೇಡಿ, ನಾಲ್ಕು ಬೆರಳು ಅಂತರ ಬಿಟ್ಟು ಕೋಲಿಗೆ ತೂಗುಹಾಕಿ. ಸ್ಪೀಕರಿನ ಎದುರಿನ ಗೋಡೆಗೆ ಒಂದು, ಪಕ್ಕಕ್ಕೆ ಒಂದು. ಡೊಳ್ಳಿನಂಥ ತಗ್ಗು ಸದ್ದಿಗೆ ಬಟ್ಟೆ ಏನೂ ಮಾಡಲಾರದು, ಅದಕ್ಕೆ ಸ್ಪೀಕರನ್ನು ಮೂಲೆಯಿಂದ ಎರಡು ಅಡಿ ಈಚೆಗೆ ಎಳೆಯಿರಿ.

ತೊಗರಿನಾಡು, ಕಲಬುರಗಿ
ಮುಂದಿನ ಶನಿವಾರ, ರಾತ್ರಿ 9:15

ವರದಿ ಒಪ್ಪಿಸುತ್ತಿದ್ದೇನೆ. ಡಬ್ಬಿ ವಾಪಸ್ ಹೋಯಿತು. ಹಣ ಕೊಡಲಿಲ್ಲ, ಬದಲಿಗೆ ಚೀಟಿಯಿರುವ ಸಾದಾ ಎಚ್‌ಡಿಎಂಐ ಕೇಬಲ್, ಒಂದು ಮಿಕ್ಸರ್ ತಂದೆ. ಅಮ್ಮನಿಗೆ ಟಿವಿಗಿಂತ ಮಿಕ್ಸರ್ ಬಂದದ್ದೇ ಖುಷಿ. ಇಲೆಕ್ಟ್ರಿಕ್ ಅಂಗಡಿಯಿಂದ ಎರಡೂವರೆ ಸ್ಕ್ವೇರ್ ಎಂಎಂ ತಂತಿ, ತುದಿಗೆ ಪಿನ್, ಎಲ್ಲ ಸೇರಿ 1,900 ರೂಪಾಯಿ. ಡ್ರಿಲ್ಲಿಗೆ ಸಿಕ್ಕಿಸಿ ಹೊಸೆಯುವಾಗ ಒಮ್ಮೆ ಕೈ ತಪ್ಪಿ ಕಿಟಕಿಯ ಪರದೆಯೂ ಜಡೆಯಾಯಿತು ಕಾಕಾ. ಅದನ್ನು ನೀವು ಹೇಳಿರಲಿಲ್ಲ.

ತಂತಿ ಬದಲಿಸಿದಾಗ ಸಣ್ಣ ವ್ಯತ್ಯಾಸ ಕೇಳಿದಂತೆ ಅನ್ನಿಸಿತು. ಬಿದರಿ ಅಣ್ಣಾವರ ಕತೆ ಓದಿದ್ದರಿಂದ ಯಾರ ಮುಂದೆಯೂ ಹೇಳಲಿಲ್ಲ. ಜಮಖಾನ ಹಾಸಿ, ಅಜ್ಜಿ ಹೊಲಿದ ಎರಡು ಕೌದಿ ತೂಗುಹಾಕಿದ ಮೇಲೆ ಟಿವಿ ಹಚ್ಚಿದೆವು. ಮಾತು ಬಾವಿಯಿಂದ ಮೇಲೆ ಬಂತು. ತಂದೆ ಧ್ವನಿಯನ್ನು ಐದು ಅಂಕಿ ಕೆಳಗಿಳಿಸಿ, ಈಗ ಸರಿಯಾಯಿತು ಎಂದರು. ಅಡುಗೆಮನೆಯಿಂದ ಬಂದ ಅಮ್ಮ ಮಾತ್ರ, ಬೀಗರು ಬಂದಾಗ ಗೋಡೆಯ ಮೇಲೆ ಹಾಸಿಗೆ ನೇತಾಡುವುದು ಚೆಂದವಲ್ಲ, ಚಳಿ ಬಿದ್ದರೆ ನನ್ನ ಕೌದಿ ನನಗೆ ಬೇಕು ಎಂದು ಗಡುವು ಹಾಕಿದ್ದಾಳೆ.

ಬಿದರಿ ಕಪ್ಪು, ಬೀದರ್
ಮುಂದಿನ ಶನಿವಾರ, ರಾತ್ರಿ 9:40

ಬಹಳ ಸಂತೋಷ ತಮ್ಮಾ. ತಂಬೂರಿ ಅಕ್ಕಾವರಿಗೆ ಒಂದು ಸಣ್ಣ ಪ್ರಶ್ನೆ. ಹತ್ತಿ ಸೀರೆಯ ಕೌದಿಗಿಂತ ಹಳೆಯ ಇಳಕಲ್ ರೇಷ್ಮೆ ಸೀರೆಯ ಕೌದಿ ಹಾಕಿದರೆ ಧ್ವನಿ ಇನ್ನೂ ಮೃದುವಾಗುತ್ತದೆಯೇ? ಹೊಲಿಯುವವರು ಗೊತ್ತಿದ್ದರೆ ತಿಳಿಸಿ, ದರದ ಚಿಂತೆಯಿಲ್ಲ.